ಬಾಗಿಲ ಸಂದಿನ ಹಳದಿ ಚೀಟಿ

ನಮ್ಮ ಪಿಕಪ್ ಟ್ರಕ್ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಎಳೆಯುತ್ತೆ? ಯುಗಾದಿ ಊಟಕ್ಕೆ ಹೋದರೂ ಇದೇ, ಆಫೀಸಿನ ಪಾರ್ಕಿಂಗ್‌ನಲ್ಲೂ ಇದೇ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಆ ಒಂದು ಪ್ರಶ್ನೆ ಹಿಡಿದುಕೊಂಡು ನಾಲ್ಕು ತಿಂಗಳು ಷೋರೂಮ್ ಸುತ್ತಿದೆ. ಇನ್ನೇನು ಸಹಿ ಹಾಕಬೇಕು ಅನ್ನುವಷ್ಟು ಹತ್ತಿರ ಹೋಗಿ, ತಪ್ಪು ಟ್ರಕ್ ಮನೆಗೆ ತರುವುದರಿಂದ ಸ್ವಲ್ಪದರಲ್ಲಿ ಉಳಿದೆ. ಉಳಿಸಿದ್ದು ಡ್ರೈವರ್ ಬಾಗಿಲ ಸಂದಿನಲ್ಲಿ ಅಂಟಿಸಿರುವ, ಅಂಗೈ ಅಗಲದ ಒಂದು ಚೀಟಿ. ನನಗೆ ಗೊತ್ತಿರುವ ಮೂರ್ನಾಲ್ಕು ಮನೆಯವರು ಈಗ ಟ್ರೇಲರ್ ತಗೊಳ್ಳುವ ಯೋಚನೆಯಲ್ಲಿದ್ದಾರೆ. ಅವರು ಫೋನ್ ಮಾಡಿದಾಗಲೆಲ್ಲ ಹೇಳಿದ್ದನ್ನೇ ಹೇಳುತ್ತಿದ್ದೇನೆ, ಅದಕ್ಕೇ ಬರೆದಿಡೋಣ ಅನ್ನಿಸಿತು.

ನಾವಿರುವುದು ಕೊಲರಾಡೋದಲ್ಲಿ, ಡೆನ್ವರ್ ಪಕ್ಕ. ಟ್ರಾವೆಲ್ ಟ್ರೇಲರ್ ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲ ಇರುತ್ತದೆ, ಎಂಜಿನ್ ಮಾತ್ರ ಇರುವುದಿಲ್ಲ. ಅಮ್ಮ ಹೋದ ಮೇಲೆ ಅಪ್ಪ ವರ್ಷಕ್ಕೆ ನಾಲ್ಕೈದು ತಿಂಗಳು ನಮ್ಮ ಜೊತೆ ಇರುತ್ತಾರೆ. ಮಂಡ್ಯ ಕಡೆಯ ಹಳ್ಳಿಯವರು, ಕಬ್ಬು ಬೆಳೆದವರು. ಹೋಟೆಲ್ ರೂಮಿನಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ, ಮೂರು ದಿನ ಬ್ರೆಡ್ಡು ತಿಂದರೆ ಮುಖ ಬಾಡುತ್ತದೆ. ಬೆಟ್ಟದ ಬುಡದಲ್ಲಿ ನಿಲ್ಲಿಸಿದ ಗಾಡಿಯೊಳಗೆ ಬಿಸಿ ಮುದ್ದೆ, ಸೊಪ್ಪಿನ ಸಾರು, ಅವರದೇ ಹಾಸಿಗೆ. ಟ್ರೇಲರ್ ಬೇಕು ಅಂತ ತೀರ್ಮಾನ ಮಾಡಲು ನನಗೆ ಅಷ್ಟೇ ಸಾಕಾಗಿತ್ತು.

ಮೊದಲ ಸಲ ಬಾಡಿಗೆ ಟ್ರೇಲರ್ ತಂದೆವು. 21 ಅಡಿ ಉದ್ದ, 4,300 ಪೌಂಡ್ ಆಸುಪಾಸು. ನಮ್ಮ ಎಸ್‌ಯುವಿಗೆ 5,000 ಪೌಂಡ್ ಎಳೆಯುವ ಶಕ್ತಿ ಅಂತ ಪುಸ್ತಕದಲ್ಲಿ ಬರೆದಿತ್ತು. ಲೆಕ್ಕ ಸರಿ ಇದೆ ಅಂದುಕೊಂಡೆ. 285ನೇ ನಂಬರ್ ಹೈವೇಯಲ್ಲಿ ಕೆನೋಶಾ ಪಾಸ್ ಹತ್ತಿ ಇಳಿದರೆ ಸೌತ್ ಪಾರ್ಕ್ ಅನ್ನುವ ದೊಡ್ಡ ಬಯಲು ಸಿಗುತ್ತದೆ. 9,000 ಅಡಿಗಿಂತ ಎತ್ತರದ ಹುಲ್ಲುಗಾವಲು, ಸುತ್ತ ಬೆಟ್ಟ, ಗಾಳಿಗೆ ಅಡ್ಡ ಅಂತ ಏನೂ ಇಲ್ಲ. ಗಂಟೆಗೆ 60 ಮೈಲಿಯಲ್ಲಿದ್ದೆವು. ಎದುರಿನಿಂದ ಒಂದು ದೊಡ್ಡ ಲಾರಿ ಬಂದು ಪಕ್ಕದಲ್ಲೇ ಹಾದುಹೋಯಿತು, ಅದರ ಗಾಳಿ ಬಡಿದದ್ದೇ ತಡ ಟ್ರೇಲರ್ ಬಾಲ ಬೀಸಲು ಶುರು ಮಾಡಿತು, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಜೋರಾಗಿ, ಹಿಂದಿನಿಂದ ಯಾರೋ ನಮ್ಮ ಕಾರನ್ನು ಹಿಡಿದು ತಿರುಚುತ್ತಿದ್ದ ಹಾಗೆ. ಕಾಲು ಆಕ್ಸಿಲರೇಟರ್‌ನಿಂದ ತೆಗೆದೆ. ಸ್ಟೀರಿಂಗ್ ನೆಟ್ಟಗೆ ಹಿಡಿದೆ. ಕಾರಿನ ಬ್ರೇಕ್ ಮುಟ್ಟದೆ, ಟ್ರೇಲರ್ ಬ್ರೇಕನ್ನು ಮಾತ್ರ ಹಿಡಿಯುವ ಕೈ ಗುಂಡಿ ಒತ್ತಿದೆ. ಬಾಡಿಗೆಗೆ ಕೊಟ್ಟವರು ಅದೊಂದನ್ನು ಸರಿಯಾಗಿ ಹೇಳಿಕೊಟ್ಟಿದ್ದರು. ಗಾಡಿ ನೆಟ್ಟಗಾಯಿತು. ಹಿಂದಿನ ಸೀಟಿನಲ್ಲಿ ಮಕ್ಕಳು ಮಾತಿಲ್ಲದೆ ಕೂತಿದ್ದರು.

ರಸ್ತೆ ಪಕ್ಕ ನಿಲ್ಲಿಸಿ ಇಳಿದೆವು. ಅಪ್ಪ ಟ್ರೇಲರ್ ಸುತ್ತ ಒಂದು ಸುತ್ತು ಬಂದರು. ಕೊಂಡಿ ಹತ್ತಿರ ನಿಂತು ನೋಡಿ, "ಗಾಡಿ ಹಿಂಭಾರ ಆಗೈತೆ ಕಣೋ" ಅಂದರು.

ಹೌದು, ಆಗಿತ್ತು. ಆ ಟ್ರೇಲರ್‌ನಲ್ಲಿ ಕುಡಿಯುವ ನೀರಿನ ಟ್ಯಾಂಕ್ ಇದ್ದದ್ದು ಹಿಂಬದಿಗೆ, ಚಕ್ರಗಳಿಂದಾಚೆ. 40 ಗ್ಯಾಲನ್ ತುಂಬಿಸಿದ್ದೆ. ಒಂದು ಗ್ಯಾಲನ್ ನೀರು 8.34 ಪೌಂಡ್, ಅಂದರೆ 330 ಪೌಂಡ್‌ಗೂ ಜಾಸ್ತಿ ಭಾರ ಬಾಲದಲ್ಲಿ ಕೂತಿತ್ತು. ಸೈಕಲ್‌ಗಳೂ ಹಿಂದೆಯೇ ನೇತಾಡುತ್ತಿದ್ದವು. ನೀರನ್ನು ಅಲ್ಲೇ ಹೊರಗೆ ಬಿಟ್ಟೆವು, ಸೈಕಲ್‌ಗಳನ್ನು ಬಿಚ್ಚಿ ಒಳಗೆ ಮುಂದಕ್ಕೆ ಹಾಕಿದೆವು. ಉಳಿದ ದಾರಿ ಟ್ರೇಲರ್ ಸುಮ್ನೆ ಹಿಂದೆ ಬಂತು.

ಆವತ್ತು ರಾತ್ರಿ ಅಪ್ಪ ಎತ್ತಿನ ಗಾಡಿಯ ವಿಷಯ ಹೇಳಿದರು. ಎರಡು ಚಕ್ರದ ಗಾಡಿಗೆ ಕಬ್ಬು ಹೇರುವಾಗ ಭಾರ ಹಿಂದಕ್ಕೆ ಬಿದ್ದರೆ ಮೂಕಿ ಮೇಲೇಳುತ್ತದೆ. ನೊಗ ಹೆಗಲು ಬಿಟ್ಟು ಮೇಲೆ ಹೋಗುತ್ತದೆ, ಜತ್ತಿಗೆ ಎತ್ತಿನ ಕೊರಳಿಗೆ ಬಿಗಿಯುತ್ತದೆ. ಮುಂದಕ್ಕೆ ಜಾಸ್ತಿ ಬಿದ್ದರೆ ನೊಗ ಹೆಗಲನ್ನು ಅದುಮಿ ಗಾಯ ಮಾಡುತ್ತದೆ. ಒಂದಿಷ್ಟು ಭಾರ ಹೆಗಲ ಮೇಲೆ ಕೂರಲೇಬೇಕು, ಆದರೆ ಹೆಗಲು ತಡೆಯುವಷ್ಟು ಮಾತ್ರ. ಕಬ್ಬಿನ ಕಾಲದಲ್ಲಿ ಮಂಡ್ಯ ಕಡೆ ಹೋದವರಿಗೆ ಟ್ರ್ಯಾಕ್ಟರ್ ಮುಂದಿನ ಚಕ್ರ ಎತ್ತಿಕೊಂಡು ನಿಂತಿರುವುದನ್ನು ನೋಡಿ ಗೊತ್ತಿರುತ್ತದೆ ಅಲ್ವಾ? ಎಳೆಯುವ ಶಕ್ತಿಗೇನೂ ಕಡಿಮೆ ಇರುವುದಿಲ್ಲ, ಕೊಂಡಿಯ ಮೇಲೆ ಭಾರ ಹದ ತಪ್ಪಿರುತ್ತದೆ.

ಅಮೆರಿಕದಲ್ಲಿ ಈ ಹೆಗಲ ಭಾರಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಟ್ರಾವೆಲ್ ಟ್ರೇಲರ್ ಆದರೆ ಅದರ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಬಾಲ ಬೀಸುತ್ತದೆ. ಟ್ರಕ್ ಆಯ್ಕೆಯ ಲೆಕ್ಕವೆಲ್ಲ ಇಲ್ಲಿಂದ ಶುರುವಾಗಬೇಕು ಅಂತ ನನಗೆ ಅರ್ಥವಾಗಲು ಇನ್ನೂ ಒಂದು ಷೋರೂಮ್ ನೋಡಬೇಕಾಯಿತು.

ಮುಂದಿನ ಬೇಸಿಗೆಗೆ ನಮ್ಮದೇ ಟ್ರೇಲರ್ ಗೊತ್ತು ಮಾಡಿದೆವು. 25 ಅಡಿ. ಖಾಲಿ ತೂಕ 5,300 ಪೌಂಡ್, ತುಂಬಿದರೆ 7,000 ದಾಟಬಾರದು. ಖಾಲಿ ತೂಕವನ್ನು ಮಾತ್ರ ಯಾರೂ ನಂಬಬೇಡಿ. ಬ್ಯಾಟರಿ, ಗ್ಯಾಸ್, ನೀರು, ಹಾಸಿಗೆ, ಪಾತ್ರೆ, ಅಕ್ಕಿ, ಯಾವುದೂ ಅದರಲ್ಲಿ ಸೇರಿರುವುದಿಲ್ಲ. ನಮ್ಮ ಸಾಮಾನೆಲ್ಲ ಸೇರಿ 6,400 ಆಗುತ್ತದೆ ಅಂತ ಇಟ್ಟುಕೊಂಡೆ.

ನನಗೆ ಇಷ್ಟವಾಗಿದ್ದ ಟ್ರಕ್ ಬಹಳ ಚೆನ್ನಾಗಿತ್ತು. ಲೆದರ್ ಸೀಟು, ಗಾಜಿನ ಮಾಳಿಗೆ, ದೊಡ್ಡ ಚಕ್ರ. ಎಳೆಯುವ ಶಕ್ತಿ 11,000 ಪೌಂಡ್‌ಗೂ ಜಾಸ್ತಿ. "ನಿಮ್ಮ 7,000 ಇದಕ್ಕೆ ಯಾವ ಲೆಕ್ಕ, ಹಿಂದೆ ಇದೆ ಅಂತಲೇ ಗೊತ್ತಾಗಲ್ಲ" ಅಂದ ಮಾರುವವನು. ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ, ಅವನಿಗೆ ಹೇಳಿಕೊಟ್ಟದ್ದೇ ಅಷ್ಟು. ಟೆಸ್ಟ್ ಡ್ರೈವ್ ಮುಗಿಸಿ ಇಳಿಯುವಾಗ ಬಾಗಿಲ ಸಂದಿನಲ್ಲಿ ಆ ಚೀಟಿ ಕಂಡಿತು. ಹಳದಿ ಪಟ್ಟಿ, ಅದರ ಮೇಲೆ ಒಂದು ಸಾಲು: ಕೂರುವವರು ಮತ್ತು ಸಾಮಾನು ಸೇರಿ 1,290 ಪೌಂಡ್ ಮೀರಬಾರದು.

ಇದೇ ಪೇಲೋಡ್. ಟ್ರಕ್ಕಿನ ಹೆಗಲು ಹೊರುವ ಭಾರ. ಒಳಗೆ ಕೂತವರು, ಟ್ರಕ್ಕಿನ ಹಿಂದಿನ ತೆರೆದ ಡಬ್ಬಿಯಲ್ಲಿಟ್ಟ ಸಾಮಾನು, ಕೊಂಡಿ, ಕೊಂಡಿಯ ಮೇಲೆ ಕೂತ ಟ್ರೇಲರ್ ಭಾರ, ಎಲ್ಲವೂ ಇದರೊಳಗೇ ಬರಬೇಕು. ಟ್ಯಾಂಕಿನ ತುಂಬ ಪೆಟ್ರೋಲ್ ಇದೆ ಅಂತ ಮೊದಲೇ ಕಳೆದಿರುತ್ತಾರೆ, ಆದರೆ ಡ್ರೈವರ್ ತೂಕ ಕಳೆದಿರುವುದಿಲ್ಲ. ಒಂದೇ ಹೆಸರಿನ, ಒಂದೇ ಎಂಜಿನ್ನಿನ ಎರಡು ಟ್ರಕ್ ಅಕ್ಕಪಕ್ಕ ನಿಂತಿದ್ದರೂ ಈ ಅಂಕಿ ಬೇರೆ ಇರುತ್ತದೆ, ಯಾಕೆಂದರೆ ಗಾಜಿನ ಮಾಳಿಗೆ, ಕರೆಂಟ್ ಸೀಟು, ಮಡಚುವ ಮೆಟ್ಟಿಲು ಎಲ್ಲಕ್ಕೂ ತೂಕ ಇದೆ, ಆ ತೂಕ ನಿಮ್ಮ ಪಾಲಿನಿಂದಲೇ ಹೋಗುತ್ತದೆ. ಸೌಕರ್ಯ ಜಾಸ್ತಿ ಆದಷ್ಟೂ ಹೆಗಲು ಸಣ್ಣದು. ಜಾಹೀರಾತಿನಲ್ಲಿ ಬರುವುದು ಆ ಸಾಲಿನಲ್ಲೇ ಅತಿ ಹೆಚ್ಚು ಹೊರುವ ಟ್ರಕ್ಕಿನ ಅಂಕಿ. ನೀವು ಕೊಳ್ಳುವ ಟ್ರಕ್ಕಿನ ಅಂಕಿ ಇರುವುದು ಅದರ ಬಾಗಿಲಲ್ಲಿ ಮಾತ್ರ.

ಅಲ್ಲೇ ನಿಂತು ಫೋನಿನಲ್ಲಿ ಕೂಡಿದೆ. 6,400ಕ್ಕೆ 13 ಪರ್ಸೆಂಟ್ ಅಂದರೆ 832. ಭಾರ ಹಂಚುವ ಕೊಂಡಿ 90. ನಾನು, ಹೆಂಡತಿ, ಇಬ್ಬರು ಮಕ್ಕಳು ಸೇರಿ 465. ಹಿಂದಿನ ಡಬ್ಬಿಯಲ್ಲಿ ಕುರ್ಚಿ, ಜನರೇಟರ್, ಐಸ್ ಪೆಟ್ಟಿಗೆ, ಸೈಕಲ್, ಒಂದು 200. ಒಟ್ಟು 1,587. ಚೀಟಿಯಲ್ಲಿ 1,290. ಅಪ್ಪ ಇನ್ನೂ ಹತ್ತಿರಲಿಲ್ಲ.

ಎಳೆಯುವ ಲೆಕ್ಕದಲ್ಲಿ 4,000 ಪೌಂಡ್ ಉಳಿದಿತ್ತು, ಹೊರುವ ಲೆಕ್ಕದಲ್ಲಿ 300 ಮೀರಿತ್ತು. ಎರಡೂ ಒಂದೇ ಟ್ರಕ್.

ಹಾಗಾದರೆ ಆ 11,000 ಎಲ್ಲಿಂದ ಬಂತು? ಅದೂ ಸುಳ್ಳಲ್ಲ. ಎಳೆಯುವ ಶಕ್ತಿ ಅಳೆಯಲು ಜೆ2807 ಅಂತ ಒಂದು ಮಾನದಂಡ ಇದೆ, ಎಂಜಿನಿಯರುಗಳ ಸಂಘ ಮಾಡಿದ್ದು. ಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಅಂಕಿ ಹೇಳುತ್ತಿತ್ತು. 2011ರ ಮಾಡೆಲ್‌ನಲ್ಲಿ ಟೊಯೋಟಾ ಟುಂಡ್ರಾ ಈ ಮಾನದಂಡ ಒಪ್ಪಿಕೊಂಡಿತು, ಉಳಿದವರು ನಿಧಾನವಾಗಿ ಬಂದರು. ಅರಿಜೋನಾದ ಡೇವಿಸ್ ಡ್ಯಾಮ್ ಏರು ಈ ಪರೀಕ್ಷೆಗೆ ಆಧಾರ. 11 ಮೈಲಿಗೂ ಉದ್ದದ ಏರು, ಸುಡು ಬಿಸಿಲು, ಏಸಿ ಪೂರ್ತಿ ಹಾಕಿಕೊಂಡೇ ಹತ್ತಬೇಕು, ವೇಗ 40 ಮೈಲಿಗಿಂತ ಇಳಿಯಬಾರದು. ಒಳ್ಳೆಯ ಪರೀಕ್ಷೆಯೇ. ಆದರೆ ಅದರಲ್ಲಿ ಟ್ರಕ್ಕಿನಲ್ಲಿ ಕೂರುವುದು 150 ಪೌಂಡಿನ ಇಬ್ಬರು ಮಾತ್ರ, ಕೊಂಡಿಯ ಮೇಲೆ 10 ಪರ್ಸೆಂಟ್ ಮಾತ್ರ. ಮಕ್ಕಳಿಲ್ಲ, ಅಪ್ಪ ಇಲ್ಲ, ಕುಕ್ಕರ್ ಇಲ್ಲ. ಸಂಸಾರ ಹೊತ್ತುಕೊಂಡು ಹೋಗುವವರಿಗೆ ಎಳೆಯುವ ಶಕ್ತಿ ಮುಗಿಯುವ ಎಷ್ಟೋ ಮೊದಲೇ ಪೇಲೋಡ್ ಮುಗಿದಿರುತ್ತದೆ. ನಾನು ಫೋನಿನಲ್ಲಿ ಎಲ್ಲರಿಗೂ ಹೇಳುವುದು ಇದನ್ನೇ.

ಆಮೇಲೆ ಹುಡುಕುವ ರೀತಿಯೇ ಬದಲಾಯಿತು. ಷೋರೂಮಿಗೆ ಹೋಗುವುದು, ಬಾಗಿಲು ತೆಗೆಯುವುದು, ಚೀಟಿ ಫೋಟೋ ತೆಗೆಯುವುದು, ಆಮೇಲೆ ಉಳಿದ ಮಾತು. ಇಪ್ಪತ್ತಕ್ಕೂ ಜಾಸ್ತಿ ಫೋಟೋ ಈಗಲೂ ನನ್ನ ಫೋನಿನಲ್ಲಿವೆ.

ಇಲ್ಲಿ ಟ್ರಕ್‌ಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಅಂತ ಕರೆಯುತ್ತಾರೆ. ಹಿಂದೆ ಅಷ್ಟೇ ಹೊರುತ್ತಿದ್ದವು ಅಂತ ಬಂದ ಹೆಸರು, ಈಗಿನ ಅರ್ಧ ಟನ್ ಟ್ರಕ್ ಅದಕ್ಕಿಂತ ಜಾಸ್ತಿಯೇ ಹೊರುತ್ತದೆ. ಮುಕ್ಕಾಲು ಟನ್ ತಗೊಂಡುಬಿಟ್ಟರೆ ಈ ತಲೆನೋವೇ ಇಲ್ಲ ಅಂತ ಹೇಳುವವರು ಬಹಳ. ಟ್ರೇಲರ್ 8,000 ದಾಟಿದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಒಂದು ಖಾಲಿ ಮುಕ್ಕಾಲು ಟನ್ ಟ್ರಕ್ಕಿನಲ್ಲಿ ಆಫೀಸಿನ ದಾರಿಯಲ್ಲಿ ಹೋಗಿ ಬಂದೆ. ಭಾರ ಹೊರಲು ಮಾಡಿದ ಸ್ಪ್ರಿಂಗು, ಭಾರ ಇಲ್ಲದಾಗ ಪ್ರತಿ ಗುಂಡಿಯನ್ನೂ ಬೆನ್ನಿಗೆ ತಲುಪಿಸುತ್ತದೆ. ಅಪ್ಪನಿಗೆ ಸೊಂಟದ ನೋವಿದೆ. ವರ್ಷದಲ್ಲಿ ನಾವು ಟ್ರೇಲರ್ ಕಟ್ಟುವುದು 25 ದಿನ, ಉಳಿದ 340 ದಿನ ಇದೇ ಗಾಡಿಯಲ್ಲಿ ಸ್ಕೂಲು, ಆಫೀಸು, ಡಾಕ್ಟರು. ಆ 340 ದಿನಗಳಿಗೂ ಬೆಲೆ ಕೊಡಬೇಕು.

ಅರ್ಧ ಟನ್ ಟ್ರಕ್‌ಗಳಲ್ಲಿ ಸವಾರಿ ಮೆತ್ತಗಿರಬೇಕು ಅಂದರೆ ರ್‍ಯಾಮ್ 1500. ಅದರ ಹಿಂದೆ ಪಟ್ಟಿ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್ ಇದೆ, ಕಾರಿನ ಹಾಗೆ ಹೋಗುತ್ತದೆ. ನಾನು ನೋಡಿದ ರ್‍ಯಾಮ್‌ಗಳಲ್ಲಿ ನಮ್ಮ ಲೆಕ್ಕಕ್ಕೆ ಸಾಲುವ ಚೀಟಿ ಸಿಗಲಿಲ್ಲ. ಶೆವ್ರೊಲೆ ಸಿಲ್ವೆರಾಡೋದ 3.0 ಲೀಟರ್ ಡೀಸೆಲ್ ನನಗೆ ತುಂಬಾ ಹಿಡಿಸಿತು, ಮೈಲೇಜು ಒಳ್ಳೆಯದು, ಎಳೆತ ಹಿತವಾಗಿದೆ, ಅಲ್ಲೂ ಚೀಟಿಯೇ ಅಡ್ಡ ಬಂತು. ಫೋರ್ಡ್‌ನ ಹೈಬ್ರಿಡ್ ಎಫ್-150ಯಲ್ಲಿ 7.2 ಕಿಲೋವಾಟ್ ಕರೆಂಟ್ ಟ್ರಕ್ಕಿನಿಂದಲೇ ಬರುತ್ತದೆ, ಜನರೇಟರ್ ಹೊರುವುದೇ ಬೇಡ, ಆದರೆ ಬ್ಯಾಟರಿ ತೂಕ ಪೇಲೋಡ್ ತಿನ್ನುತ್ತದೆ. ಪೂರ್ತಿ ಎಲೆಕ್ಟ್ರಿಕ್ ಟ್ರಕ್ ದಿನದ ಓಡಾಟಕ್ಕೆ ಎಲ್ಲಕ್ಕಿಂತ ಚೆಂದ, ಇದನ್ನು ಮನಸಾರೆ ಹೇಳುತ್ತೇನೆ. ಟ್ರೇಲರ್ ಕಟ್ಟಿದರೆ ಮಾತ್ರ ಹೋಗುವ ದೂರ ಹೆಚ್ಚು ಕಡಿಮೆ ಅರ್ಧಕ್ಕೆ ಬೀಳುತ್ತದೆ, ಎಷ್ಟೋ ಚಾರ್ಜಿಂಗ್ ಜಾಗದಲ್ಲಿ ಟ್ರೇಲರ್ ಬಿಚ್ಚಿಟ್ಟೇ ಒಳಗೆ ಹೋಗಬೇಕು. ಗನ್ನಿಸನ್‌ನಂಥ ದೂರದ ಊರುಗಳ ಕಡೆ ಹೋಗುವ ನಮ್ಮಂಥವರಿಗೆ ಅದು ಸದ್ಯಕ್ಕೆ ಆಗುವ ಮಾತಲ್ಲ.

ಕೊಲರಾಡೋದಲ್ಲಿ ಎತ್ತರದ ಲೆಕ್ಕ ಬೇರೆ ಇದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುತ್ತದಲ್ಲ, ಅದಕ್ಕೆ. ಐ-70 ಹೈವೇಯ ಐಸೆನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ. ಅಲ್ಲಿಗೆ ಹತ್ತುವ ಹೊತ್ತಿಗೆ ದೊಡ್ಡ ವಿ8 ಎಂಜಿನ್ನೂ ಮೂರರಲ್ಲಿ ಒಂದು ಪಾಲು ಶಕ್ತಿ ಬಿಟ್ಟುಕೊಟ್ಟಿರುತ್ತದೆ. ಟರ್ಬೊ ಆ ತೆಳು ಗಾಳಿಯನ್ನು ಒತ್ತಿ ತುಂಬುವುದರಿಂದ ನಷ್ಟ ಬಹಳ ಕಡಿಮೆ. ಸಮುದ್ರದ ಮಟ್ಟದಲ್ಲಿರುವ ಹೂಸ್ಟನ್‌ನಲ್ಲಿ ಇದ್ದಿದ್ದರೆ ನಾನು ವಿ8 ತಗೊಳ್ಳುತ್ತಿದ್ದೆನೋ ಏನೋ. ಇಲ್ಲಿ ಟರ್ಬೊ.

ಕೊನೆಗೆ ಬಂದದ್ದು ಎಫ್-150, 3.5 ಲೀಟರ್ ಟರ್ಬೊ ವಿ6, ಕೆಳಗಿನ ದರ್ಜೆಯದು, ಬಟ್ಟೆ ಸೀಟು, ಮಾಳಿಗೆ ತಗಡು. ಚೀಟಿಯಲ್ಲಿ 1,840. ನಮ್ಮ 1,587ಕ್ಕೆ ಅಪ್ಪನ 150 ಸೇರಿಸಿದರೆ 1,737. ಇನ್ನೂ 103 ಪೌಂಡ್ ಉಳಿಯಿತು. ಮೊದಲು ನೋಡಿದ್ದಕ್ಕಿಂತ ಸಾವಿರಾರು ಡಾಲರ್ ಕಡಿಮೆ. ಹೆಂಡತಿಗೆ ಲೆದರ್ ಸೀಟು ಇಲ್ಲ ಅಂತ ಸ್ವಲ್ಪ ಬೇಸರವಾಯಿತು, ನಿಜ.

ಎಲ್ಲರೂ ಹತ್ತುವ ಶಕ್ತಿಯನ್ನೇ ಕೇಳುತ್ತಾರೆ. ನನಗೆ ಈಗಲೂ ಹೊಟ್ಟೆಯೊಳಗೆ ಹಿಡಿದ ಹಾಗೆ ಆಗುವುದು ಇಳಿಯುವಾಗ. ಸುರಂಗದ ಪಶ್ಚಿಮ ಬಾಯಿಂದ ಸಿಲ್ವರ್‌ಥಾರ್ನ್‌ವರೆಗೆ ಸುಮಾರು 8 ಮೈಲಿ, ಅಷ್ಟರಲ್ಲಿ 2,000 ಅಡಿಗೂ ಜಾಸ್ತಿ ಇಳಿತ. ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲಿ ಜಲ್ಲಿಯ ಏರು ದಾರಿ ಮಾಡಿಟ್ಟಿದ್ದಾರೆ. ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ ಅಂತ ಶಿರಾಡಿ, ಚಾರ್ಮಾಡಿ ಡ್ರೈವರುಗಳು ಹೇಳುತ್ತಾರಲ್ಲ, ಅದೇ ಮಾತು ಇಲ್ಲೂ ನಡೆಯುತ್ತದೆ. ಟ್ರೇಲರ್ ಎಳೆಯುವಾಗ ಬಳಸುವ ಟೋ ಮೋಡ್ ಹಾಕಿದರೆ ಟ್ರಕ್ ತಾನೇ ಗೇರ್ ಇಳಿಸಿ ಎಂಜಿನ್ನಿನಿಂದ ಹಿಡಿಯುತ್ತದೆ, ಸದ್ದು ಜೋರಾಗುತ್ತದೆ, ಹೆದರಬಾರದು. ಬ್ರೇಕನ್ನು ಸದಾ ಒತ್ತಿಕೊಂಡಿರದೆ, ಒಂದು ಸಲ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಬೇಕು, ತಣ್ಣಗಾಗಲಿ ಅಂತ. ಟ್ರೇಲರ್‌ನ ಬ್ರೇಕ್ ಸರಿ ಕೆಲಸ ಮಾಡುತ್ತಿದೆಯಾ ಅಂತ ಹೊರಡುವ ಮೊದಲು ನಿಧಾನ ವೇಗದಲ್ಲಿ ನೋಡಿಕೊಳ್ಳದೆ ನಾನು ಬೀದಿ ದಾಟುವುದಿಲ್ಲ.

ದಿನದ ಓಡಾಟದಲ್ಲಿ ಸುಖವೂ ಇದೆ, ಕಷ್ಟವೂ ಇದೆ. ಆರೂವರೆ ಅಡಿ ಡಬ್ಬಿ ತಗೊಂಡಿದ್ದರಿಂದ ಉದ್ದ 20 ಅಡಿ ದಾಟಿತು, ಮನೆಯ ಗ್ಯಾರೇಜಿಗೆ ಹೋಗುವುದಿಲ್ಲ. ಹಿಮ ಬಿದ್ದ ಬೆಳಿಗ್ಗೆ ಗಾಜು ಕೆರೆಯಲು ಹತ್ತು ನಿಮಿಷ ಮೊದಲೇ ಏಳುತ್ತೇನೆ. ಆಫೀಸಿನ ಪಾರ್ಕಿಂಗ್‌ನಲ್ಲಿ ದೂರದ ಮೂಲೆ ಹುಡುಕಿ ನಿಲ್ಲಿಸಿ ನಡೆಯುತ್ತೇನೆ. ಸುಮ್ನೆ ಓಡಿಸಿದರೆ ಗ್ಯಾಲನ್‌ಗೆ 18 ಮೈಲಿ, ಟ್ರೇಲರ್ ಕಟ್ಟಿದರೆ 9. 36 ಗ್ಯಾಲನ್ ಟ್ಯಾಂಕ್ ಇರುವುದರಿಂದ ಟ್ರೇಲರ್ ಕಟ್ಟಿಕೊಂಡು ಪೆಟ್ರೋಲ್ ಬಂಕಿನೊಳಗೆ ತಿರುಗುವ ಕಷ್ಟ ಕಡಿಮೆ, ಆ ದೊಡ್ಡ ಟ್ಯಾಂಕ್ ಕೇಳಿ ತಗೊಳ್ಳಿ. ಹಿಂದಿನ ಸೀಟು ಮಾತ್ರ ಮನೆ ಹಜಾರದಷ್ಟು ಅಗಲ. ಮಕ್ಕಳ ನಡುವೆ ಅಪ್ಪ ಕಾಲು ಚಾಚಿ ಕೂರುತ್ತಾರೆ, ಅದನ್ನು ಕನ್ನಡಿಯಲ್ಲಿ ನೋಡಿದಾಗ ಗ್ಯಾರೇಜಿನ ವಿಷಯ ಮರೆತುಹೋಗುತ್ತದೆ.

ಕಳೆದ ಜೂನ್‌ನಲ್ಲಿ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ಅನ್ನುವ ಮರಳು ದಿಬ್ಬಗಳ ಜಾಗಕ್ಕೆ ಹೊರಟೆವು, ಅಪ್ಪನೂ ಸೇರಿ ಐವರು. ನನ್ನ ಲೆಕ್ಕವೆಲ್ಲ ಅದುವರೆಗೆ ಫೋನಿನಲ್ಲೇ ಇತ್ತು. ಐ-25 ಪಕ್ಕದ ಟ್ರಕ್ ಸ್ಟಾಪಿನಲ್ಲಿ ಲಾರಿಗಳ ತೂಕದ ಕಾಟಾ ಇತ್ತು, ಹತ್ತಿಸಿದೆ. ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೇಲರ್ ಚಕ್ರ ಬೇರೆ ಬೇರೆ ಹಲಗೆಯ ಮೇಲೆ ನಿಲ್ಲುತ್ತವೆ. ಚೀಟಿ ಬಂತು: 3,120, 3,700, 5,680. ಟ್ರಕ್ ಮಾತ್ರ 6,820, ಅದರ ಮಿತಿ 7,050. ಭಾರ ಹಂಚುವ ಕೊಂಡಿ ಒಂದಿಷ್ಟನ್ನು ಟ್ರೇಲರ್ ಚಕ್ರಕ್ಕೆ ವಾಪಸ್ ತಳ್ಳಿದ್ದರಿಂದ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಉಳಿದಿತ್ತು. ಖುಷಿಯಾಗಿ ಅಪ್ಪನ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಸಕ್ಕರೆ ಕಾರ್ಖಾನೆ ಕಾಟಾದ ಮುಂದೆ ರಾತ್ರಿಯೆಲ್ಲ ಗಾಡಿ ಸಾಲಿನಲ್ಲಿ ಕಾದವರು ಅವರು, ತೂಕದ ಚೀಟಿಯಲ್ಲಿ ಏನು ನೋಡಬೇಕು ಅಂತ ಗೊತ್ತು.

"ಇದು ತುಂಬಿದ ತೂಕ. ಖಾಲಿ ತೂಕ ಮಾಡಿಸಿದ್ಯಾ?"

ಮಾಡಿಸಿರಲಿಲ್ಲ. ಟ್ರೇಲರ್ ಬಿಚ್ಚಿ ಟ್ರಕ್ ಒಂದನ್ನೇ ತೂಗದೆ ಹೆಗಲ ಮೇಲೆ ನಿಜವಾಗಿ ಎಷ್ಟು ಕೂತಿದೆ ಅಂತ ಗೊತ್ತಾಗುವುದಿಲ್ಲ. ಅದುವರೆಗೆ ನನ್ನ 13 ಪರ್ಸೆಂಟ್ ಬರೀ ಅಂದಾಜು. ಹೊತ್ತಾಗುತ್ತದೆ ಅಂತ ಹೇಳಲು ಬಾಯಿ ತೆಗೆದವನು ಸೌತ್ ಪಾರ್ಕ್ ನೆನಪಾಗಿ ಸುಮ್ಮನಾದೆ. ಭಾರ ಹಂಚದ ಹಾಗೆ ಕೊಂಡಿಯ ಸ್ಪ್ರಿಂಗ್ ಬಾರ್ ಸಡಿಲಿಸಿ ಇನ್ನೊಂದು ಸಲ ಕಾಟಾ ಹತ್ತಿಸಿದೆವು, ಟ್ರಕ್ 6,940. ಆಮೇಲೆ ಮೂಲೆಯಲ್ಲಿ ಟ್ರೇಲರ್ ಬಿಚ್ಚಿ, ಚಕ್ರಕ್ಕೆ ಅಡ್ಡ ಕೊಟ್ಟು, ಎಲ್ಲರೂ ಮತ್ತೆ ಟ್ರಕ್ ಹತ್ತಿ ಕೂತು ಮೂರನೇ ಸಲ ಹೋದೆವು. 6,120.

ಮಗಳು ಕಳೆದು ಹೇಳಿದಳು, 820. ಟ್ರೇಲರ್ ತೂಕಕ್ಕೆ ಹೆಚ್ಚು ಕಡಿಮೆ 13 ಪರ್ಸೆಂಟೇ. ಅಪ್ಪ ಮೂರೂ ಚೀಟಿಗಳನ್ನು ಒಂದರ ಮೇಲೊಂದು ಇಟ್ಟು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ಟ್ರೇಲರ್ ಕಟ್ಟಲು ಹಿಂದಕ್ಕೆ ಹೋದೆ.